ವಿಚಾರಣೆಗೂ ಮುಂಚೆ ಸಂಬಳ ನಿಲ್ಲಿಸುವುದು ನ್ಯಾಯವೇ?

ಕಂಪನಿ ನಿಮ್ಮನ್ನು ಸಸ್ಪೆಂಡ್ ಮಾಡಿದೆ, ಶಿಸ್ತು ವಿಚಾರಣೆ ಇನ್ನೂ ಶುರುವಾಗಿಲ್ಲ, ಆದರೆ ಸಂಬಳ ಆಗಲೇ ನಿಂತಿದೆ. ಇದು ನ್ಯಾಯವಾ ಅಂತ ಕೇಳಿದ್ದೀರಿ. ಅಲ್ಲ ಅನ್ನುವುದೇ ನನ್ನ ಉತ್ತರ.

ಅಮಾನತು ಮಾಡುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಲೆಕ್ಕದಲ್ಲಿ ಮೋಸ ಆಗಿದೆ ಅನ್ನುವ ಅನುಮಾನ ಇದ್ದರೆ, ಅನುಮಾನಕ್ಕೆ ಒಳಗಾದವರ ಕೈಗೇ ಆ ಲೆಕ್ಕದ ಪುಸ್ತಕ ಕೊಟ್ಟು ಕೂರಿಸಲು ಆಗುವುದಿಲ್ಲ. ಕಿರುಕುಳದ ದೂರು ಕೊಟ್ಟವರಿಗೂ ಸ್ವಲ್ಪ ನೆಮ್ಮದಿ ಬೇಕು. ಹಾಗಾಗಿ ಕೆಲವು ದಿನ ದೂರ ಇಡಲಿ. ಆದರೆ ಅದಕ್ಕೆ ಗುರುತಿನ ಚೀಟಿ, ಪಾಸ್‌ವರ್ಡ್ ವಾಪಸ್ ಪಡೆದರೆ ಸಾಕಲ್ವಾ? ಸಂಬಳ ನಿಲ್ಲಿಸಿದರೆ ಯಾವ ದಾಖಲೆಯೂ ಹೆಚ್ಚು ಭದ್ರ ಆಗುವುದಿಲ್ಲ. ಅದು ಬರೀ ಶಿಕ್ಷೆ. ತಪ್ಪು ಮಾಡಿದ್ದಾರೋ ಇಲ್ಲವೋ ಅಂತ ನೋಡುವ ಮೊದಲೇ ಕೊಟ್ಟ ಶಿಕ್ಷೆ.

ಸಹೋದ್ಯೋಗಿಗಳ ಪರವಾಗಿ ಕೆಲವು ವಿಚಾರಣೆಗಳಲ್ಲಿ ನಾನು ಪಕ್ಕದಲ್ಲಿ ಕೂತಿದ್ದೇನೆ. ಸಂಬಳ ನಿಂತವರು ಮೊದಲ ವಾರ ಜೋರಾಗಿ ಹೋರಾಡುತ್ತಾರೆ. ಎರಡನೇ ತಿಂಗಳಿಗೆ ಕಾಗದಪತ್ರ ಓದುವುದನ್ನೇ ಬಿಡುತ್ತಾರೆ. ಒಬ್ಬರ ಮೇಲಿನ ಆರೋಪಪಟ್ಟಿಯಲ್ಲಿ ಬರೆದಿದ್ದ ದಿನ ಅವರು ರಜೆಯಲ್ಲಿದ್ದರು. ರಜೆ ಮಂಜೂರಾದ ಇ-ಮೇಲ್ ಕೂಡ ಇತ್ತು. ಆದರೂ ಅವರು ನನ್ನನ್ನು ಕೇಳಿದ್ದು, "ರಾಜೀನಾಮೆ ಕೊಟ್ಟರೆ ಬಾಕಿ ಹಣ ಬೇಗ ಕೊಡ್ತಾರಾ?" ಅಂತ. ಕೊನೆಗೆ ರಾಜೀನಾಮೆ ಕೊಟ್ಟೇಬಿಟ್ಟರು. ಆ ಇ-ಮೇಲನ್ನು ಯಾರೂ ತೆರೆದು ನೋಡಲೇ ಇಲ್ಲ. ಇದು ನನಗೆ ಇವತ್ತಿಗೂ ನೋವು ಕೊಡುತ್ತದೆ.

ಇಂಥದ್ದೇ ಒಂದು ಪ್ರಕರಣದಲ್ಲಿ ಭಾರತದ ಸುಪ್ರೀಂ ಕೋರ್ಟ್ 1999ರಲ್ಲಿ ತೀರ್ಪು ಕೊಟ್ಟಿತು. ಚಿನ್ನದ ಗಣಿಯೊಂದರ ಭದ್ರತಾ ಅಧಿಕಾರಿಯನ್ನು 1985ರಲ್ಲಿ ಅಮಾನತು ಮಾಡಿದ್ದರು. ಆ ಅವಧಿಯಲ್ಲಿ ಕೊಡಬೇಕಾದ ಜೀವನಾಧಾರ ಭತ್ಯೆ, ಅಂದರೆ ಹೊಟ್ಟೆಪಾಡಿಗೆಂದು ಕೊಡುವ ಸಂಬಳದ ಒಂದು ಭಾಗ, ಕೊಡಲಿಲ್ಲ. ಅವರ ಊರು ಬೇರೆ ರಾಜ್ಯದಲ್ಲಿತ್ತು. ವಿಚಾರಣೆಗೆ ಬರಲು ಕೈಯಲ್ಲಿ ದುಡ್ಡಿರಲಿಲ್ಲ. ಅವರಿಲ್ಲದೆಯೇ ವಿಚಾರಣೆ ಮುಗಿಸಿ ಕೆಲಸದಿಂದ ತೆಗೆದರು. ಆಮೇಲೆ ಅದೇ ಆರೋಪದ ಮೇಲೆ ನಡೆದ ಕ್ರಿಮಿನಲ್ ಕೇಸಿನಲ್ಲಿ ಅವರು ಖುಲಾಸೆಯಾದರು. ಭತ್ಯೆ ಕೊಡದಿರುವುದನ್ನು ಸುಪ್ರೀಂ ಕೋರ್ಟ್ ನಿಧಾನವಾಗಿ ವಿಷ ಉಣಿಸುವುದಕ್ಕೆ ಹೋಲಿಸಿತು, ಅವರನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಿ ಅಂತ ಆದೇಶ ಕೊಟ್ಟಿತು. ಅಮಾನತಿನಿಂದ ಆ ತೀರ್ಪಿನವರೆಗೆ ಹದಿನಾಲ್ಕು ವರ್ಷ ಹಿಡಿಯಿತು.

ಕಾನೂನು ಎಲ್ಲ ಕಡೆ ಒಂದೇ ಥರ ಇಲ್ಲ. ಭಾರತದಲ್ಲಿ ಸ್ಥಾಯಿ ಆದೇಶಗಳ (ಕಾನೂನಿನ ಪ್ರಕಾರ ರೂಪಿಸಿದ ಕೆಲಸದ ನಿಯಮಗಳ) ವ್ಯಾಪ್ತಿಗೆ ಬರುವ ಕಾರ್ಮಿಕರಿಗೆ ಅಮಾನತಿನ ಮೊದಲ 90 ದಿನ ಅರ್ಧ ಸಂಬಳ ಕೊಡಬೇಕು. ತಡ ಆಗಿದ್ದು ಕಾರ್ಮಿಕರಿಂದ ಅಲ್ಲದಿದ್ದರೆ ಆಮೇಲೆ ಶೇ. 75. ಮ್ಯಾನೇಜರ್ ಹುದ್ದೆಯವರಿಗೆ ಸಾಮಾನ್ಯವಾಗಿ ಈ ರಕ್ಷಣೆ ಇಲ್ಲ. ದಕ್ಷಿಣ ಆಫ್ರಿಕಾದ ಸಂವಿಧಾನ ನ್ಯಾಯಾಲಯ 2019ರಲ್ಲಿ, ಮುನ್ನೆಚ್ಚರಿಕೆಗಾಗಿ ಅಮಾನತು ಮಾಡುವ ಮೊದಲು ನೌಕರರ ಮಾತು ಕೇಳಲೇಬೇಕೆಂದಿಲ್ಲ ಅಂದಿತು. ಆದರೆ ಅಲ್ಲಿ ನೌಕರನಿಗೆ ಪೂರ್ತಿ ಸಂಬಳ ಸಿಗುತ್ತಿತ್ತು. ಹಾಗಾಗಿ ದೊಡ್ಡ ಅನ್ಯಾಯ ಆಗಿಲ್ಲ ಅನ್ನುವುದು ಕೋರ್ಟಿನ ವಾದದ ಒಂದು ಮುಖ್ಯ ಭಾಗ. ನನಗೆ ಇದು ಒಪ್ಪಿಗೆ.

ಅಮೆರಿಕದ ಸುಪ್ರೀಂ ಕೋರ್ಟ್ 1997ರಲ್ಲಿ ಬೇರೆ ದಾರಿ ಹಿಡಿಯಿತು. ಅಲ್ಲಿ ನೌಕರ ಬಂಧನವಾಗಿದ್ದ ಪೊಲೀಸ್. ಮೊದಲೇ ವಿಚಾರಣೆ ನಡೆಸದೆ ಸಂಬಳವಿಲ್ಲದೆ ಅಮಾನತು ಮಾಡಿದ್ದರಿಂದ ಸಂವಿಧಾನದ ಉಲ್ಲಂಘನೆ ಆಗಿಲ್ಲ ಅಂದಿತು. ಆಮೇಲೆ ಬೇಗ ವಿಚಾರಣೆ ನಡೆದರೆ ಕಳೆದುಕೊಂಡ ಆದಾಯ ಅಷ್ಟೇನೂ ದೊಡ್ಡದಲ್ಲ ಅನ್ನುವುದು ಅದರ ಲೆಕ್ಕ. ಬಾಡಿಗೆ, ಸಾಲದ ಕಂತು ಕಟ್ಟುವವರಿಗೆ ಒಂದು ತಿಂಗಳ ಸಂಬಳ ಹೇಗೆ ಚಿಕ್ಕದಾಗುತ್ತದೆ? ಈ ಮಾತನ್ನು ನಾನು ಒಪ್ಪುವುದಿಲ್ಲ.

"ನಿರ್ದೋಷಿ ಅಂತ ಗೊತ್ತಾದರೆ ಬಾಕಿ ಕೊಡ್ತೀವಲ್ಲ" ಅಂತ ಕಂಪನಿಯವರು ಹೇಳುತ್ತಾರೆ. ಆ ನಡುವೆ ಮಾಡಿದ ಸಾಲದ ಬಡ್ಡಿ ಯಾರು ಕಟ್ಟುತ್ತಾರೆ? ಇನ್ನೊಂದು ವಿಷಯ. ಸಂಬಳ ಕೊಡುತ್ತಿದ್ದರೆ ಕಂಪನಿಗೇ ಅವಸರ ಇರುತ್ತದೆ. ಕೊಡದಿದ್ದರೆ ವಿಚಾರಣೆ ಎಷ್ಟು ಎಳೆದರೂ ಅದಕ್ಕೆ ಖರ್ಚಿಲ್ಲ. ಆರೋಪಪಟ್ಟಿ ಬರದೆ ವಾರಗಟ್ಟಲೆ ಕಾಯಿಸುವುದು ನಾನು ಕಂಡಂತೆ ಸಂಬಳ ನಿಂತ ಕಡೆಯೇ ಜಾಸ್ತಿ.

ನೀವು ಈಗ ಮಾಡಬೇಕಾದ್ದು: ನೇಮಕಾತಿ ಪತ್ರ ಮತ್ತು ಕಂಪನಿಯ ಶಿಸ್ತು ನಿಯಮ ತೆಗೆದು ನೋಡಿ. ಸಂಬಳವಿಲ್ಲದೆ ಅಮಾನತು ಮಾಡುವ ಹಕ್ಕು ಅದರಲ್ಲಿ ಬರೆದಿದೆಯಾ? ಇಲ್ಲದಿದ್ದರೆ ನಿಮ್ಮ ಕೈ ಬಲವಾಗಿದೆ. ಯಾವ ನಿಯಮದ ಪ್ರಕಾರ ಸಂಬಳ ನಿಲ್ಲಿಸಿದಿರಿ, ಆರೋಪ ಏನು, ವಿಚಾರಣೆ ಯಾವಾಗ ಅಂತ ಇ-ಮೇಲ್‌ನಲ್ಲೇ ಕೇಳಿ. ಫೋನಿನಲ್ಲಿ ಕೇಳಿದರೆ ದಾಖಲೆ ಉಳಿಯುವುದಿಲ್ಲ. ಬೇರೆ ಕೆಲಸಕ್ಕೆ ಸೇರುವ ಮುಂಚೆ ವಕೀಲರನ್ನೋ ಯೂನಿಯನ್ನನ್ನೋ ಕೇಳಿ, ಏಕೆಂದರೆ ಅದನ್ನೇ ಹೊಸ ಆರೋಪ ಮಾಡಬಹುದು. ಏನೇ ಆದರೂ ಸಿಟ್ಟಿನಲ್ಲಿ ರಾಜೀನಾಮೆಗೆ ಮಾತ್ರ ಸಹಿ ಹಾಕಬೇಡಿ.