ಒಂದು ಫಾರ್ಮ್‌ಗೆ ಇಷ್ಟೊಂದು ಜನ ಯಾಕೆ ಸೇರಿದರು?

ತಿಪಟೂರಿನ ನಿವೃತ್ತ ಹೆಡ್‌ಮೇಷ್ಟ್ರೊಬ್ಬರ ಪತ್ರ, ಸ್ವಲ್ಪ ಚಿಕ್ಕದು ಮಾಡಿ ಕೊಟ್ಟಿದ್ದೇವೆ: "ನನ್ನ ಮಗಳು ಅಮೆರಿಕದ ಇಲಿನಾಯ್ ರಾಜ್ಯದ ನೇಪರ್‌ವಿಲ್‌ನಲ್ಲಿದ್ದಾಳೆ. ಇಬ್ಬರು ಮಕ್ಕಳನ್ನೂ ಶಾಲೆಗೆ ಕಳಿಸುವುದಿಲ್ಲ. ಮನೆಯಲ್ಲೇ ಪಾಠ. 2025ರ ಮಾರ್ಚ್‌ನಲ್ಲಿ ಅಲ್ಲಿ ಏನೋ ಮಸೂದೆ ಬಂತು ಅಂತ ಮಕ್ಕಳನ್ನೂ ಕರೆದುಕೊಂಡು ರಾಜಧಾನಿಗೆ ಹೋಗಿ ಪ್ರತಿಭಟನೆಯಲ್ಲಿ ನಿಂತಳು. ಯಾಕಮ್ಮಾ ಅಂದರೆ, 'ಫಾರ್ಮ್ ತುಂಬಿ ಕೊಡಬೇಕಂತೆ ಅಪ್ಪಾ' ಅಂದಳು. ನಾನು ಕೆಲಸದಲ್ಲಿದ್ದಾಗ ಶಾಲೆ ಬಿಟ್ಟ ಮಕ್ಕಳನ್ನು ಹುಡುಕಿಕೊಂಡು ಮನೆಮನೆ ಅಲೆದವನು. ಚಿಣ್ಣರ ಅಂಗಳ ನಡೆಸಿದವನು. ಮಗು ಎಲ್ಲಿ ಓದುತ್ತಿದೆ ಅಂತ ಸರ್ಕಾರ ಕೇಳುವುದೂ ತಪ್ಪಾ? ಒಂದು ಫಾರ್ಮ್ ತುಂಬಿದರೆ ಕೈ ಸವೆಯುತ್ತದಾ? ನಾಳೆ ಈ ಮಕ್ಕಳು ಶಾಲೆಗೋ ಕಾಲೇಜಿಗೋ ಸೇರಬೇಕು ಅಂದರೆ ಗತಿ ಏನು?"

ಸಂಪಾದಕರ ಉತ್ತರ:

ಮೇಷ್ಟ್ರೇ, ನಮಸ್ಕಾರ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಫಾರ್ಮ್ ಕೇಳುವುದು ತಪ್ಪಲ್ಲ. ಆದರೆ ಆ ಮಸೂದೆಯಲ್ಲಿ ಇದ್ದದ್ದು ಬರೀ ಫಾರ್ಮ್ ಅಲ್ಲ. ಫೋನಿನಲ್ಲಿ ನಿಮಗೆ ಅರ್ಥವಾಗಲಿ ಅಂತ ಮಗಳು ಅದನ್ನು ತೀರಾ ಚಿಕ್ಕದು ಮಾಡಿ ಹೇಳಿದ್ದಾರೆ.

ಅದರ ಹೆಸರು ಹೋಮ್‌ಸ್ಕೂಲ್ ಆಕ್ಟ್, ಸದನದ ಮಸೂದೆ ಸಂಖ್ಯೆ 2827. ಮಂಡಿಸಿದವರು ಟೆರ್ರಾ ಕೋಸ್ಟಾ ಹೊವಾರ್ಡ್, ಡೆಮಾಕ್ರಟಿಕ್ ಪಕ್ಷದ ಶಾಸಕಿ, ವೃತ್ತಿಯಿಂದ ವಕೀಲೆ. ಮಗುವನ್ನು ಮನೆಯಲ್ಲಿ ಓದಿಸುವವರು ಹತ್ತಿರದ ಸರ್ಕಾರಿ ಶಾಲೆಗೋ ಜಿಲ್ಲಾ ಶಾಲಾ ಕಚೇರಿಗೋ ಒಂದು ಘೋಷಣಾ ಪತ್ರ ಕೊಡಬೇಕು. ನಿಮ್ಮ ಮಗಳು ಹೇಳಿದ ಫಾರ್ಮ್ ಇದೇ. ಇದರ ಜೊತೆಗೆ, ಪಾಠ ಮಾಡುವವರು ಕನಿಷ್ಠ ಹೈಸ್ಕೂಲ್ ಮುಗಿಸಿರಬೇಕು. ಮಗು ಕಲಿಯುತ್ತಿದೆಯೋ ಇಲ್ಲವೋ ಎಂಬ ಅನುಮಾನ ಬಂದರೆ ಶಿಕ್ಷಣ ಅಧಿಕಾರಿ ಮಗುವಿನ ಕೆಲಸದ ಕಡತ ತರಿಸಿಕೊಂಡು ನೋಡಬಹುದು. ಫಾರ್ಮ್ ಕೊಡದಿದ್ದರೆ ಮಗು ಶಾಲೆ ತಪ್ಪಿಸಿದ ಲೆಕ್ಕ. ಅದು ಹಾಗೇ ಮುಂದುವರಿದರೆ ಅಪ್ಪ ಅಮ್ಮನಿಗೆ ದಂಡ, 30 ದಿನಗಳವರೆಗಿನ ಜೈಲಿಗೂ ದಾರಿ. ಸಾಲದ್ದಕ್ಕೆ ಖಾಸಗಿ ಶಾಲೆಗಳೂ ರಾಜ್ಯದಲ್ಲಿ ನೋಂದಣಿ ಮಾಡಿಸಿಕೊಳ್ಳಬೇಕು ಅನ್ನುವುದನ್ನೂ ಇದರೊಳಗೇ ಸೇರಿಸಿದರು. ಹೋಮ್‌ಸ್ಕೂಲಿಂಗ್‌ಗೆ ಸಂಬಂಧವೇ ಇಲ್ಲದವರನ್ನೂ ಕರೆದು ಎದುರು ಸಾಲಿನಲ್ಲಿ ಕೂರಿಸಿದ ಹಾಗಾಯಿತು. ಮಸೂದೆ ಬರೆಯುವವರು ಮಾಡಬಾರದ ಕೆಲಸ ಇದು.

ಸದ್ಯ ಇಲಿನಾಯ್‌ನಲ್ಲಿ ಏನಿದೆ ಅಂದರೆ, ಏನೂ ಇಲ್ಲ. ಮಗುವನ್ನು ಶಾಲೆಯಿಂದ ಬಿಡಿಸಿ ಮನೆಯಲ್ಲಿ ಓದಿಸುತ್ತೇನೆ ಅಂತ ಯಾರಿಗೂ ಬರೆದುಕೊಡಬೇಕಾಗಿಲ್ಲ. ಪರೀಕ್ಷೆ ಇಲ್ಲ, ವರದಿ ಇಲ್ಲ. ಹಾಗಾಗಿ ರಾಜ್ಯದಲ್ಲಿ ಇಂಥ ಮಕ್ಕಳು ಎಷ್ಟಿದ್ದಾರೆ ಅನ್ನುವುದು ಸರ್ಕಾರಕ್ಕೇ ಗೊತ್ತಿಲ್ಲ. ಇದಕ್ಕೆ ಮೂಲ 1950ರ ಒಂದು ಮೊಕದ್ದಮೆ. ಜೀವನವಿಡೀ ಪಾಠ ಮಾಡಿದ ನಿಮಗೆ ಅದರ ಕಥೆ ರುಚಿಸುತ್ತದೆ. ಲೆವಿಸನ್ ಎಂಬ ದಂಪತಿ, ಸೆವೆಂತ್ ಡೇ ಅಡ್ವೆಂಟಿಸ್ಟ್ ಪಂಥದವರು, ಮೂರನೇ ಕ್ಲಾಸಿನ ಮಗಳನ್ನು ಮನೆಯಲ್ಲಿ ಓದಿಸುತ್ತಿದ್ದರು. ತಾಯಿ ಎರಡು ವರ್ಷ ಕಾಲೇಜು ಓದಿದ್ದರು. ದಿನಕ್ಕೆ ಐದು ಗಂಟೆ ಪಾಠ. ಮಗು ತನ್ನ ವಯಸ್ಸಿನ ಮಕ್ಕಳಿಗೆ ಸಮವಾಗಿ ಓದುತ್ತಿತ್ತು. ಆದರೂ ಕೇಸು ಬಿತ್ತು. ರಾಜ್ಯದ ಸುಪ್ರೀಂ ಕೋರ್ಟ್ ಇದನ್ನು ಖಾಸಗಿ ಶಾಲೆ ಅಂತಲೇ ಒಪ್ಪಿಕೊಂಡಿತು. ಕಾನೂನಿಗೆ ಬೇಕಾದದ್ದು ಮಗು ಕಲಿಯುವುದು, ಇಂಥ ಜಾಗದಲ್ಲೇ ಇಂಥ ರೀತಿಯಲ್ಲೇ ಕಲಿಯಬೇಕು ಅಂತ ಅಲ್ಲ ಎಂದಿತು.

ಅಂದಿನಿಂದ ಇಂದಿನವರೆಗೂ ಅಲ್ಲಿ ಮನೆ ಅಂದರೆ ಕಾನೂನಿನ ಕಣ್ಣಿಗೆ ಒಂದು ಪುಟ್ಟ ಖಾಸಗಿ ಶಾಲೆ. ಅದೇ ವಯಸ್ಸಿನ ಮಕ್ಕಳಿಗೆ ಸರ್ಕಾರಿ ಶಾಲೆಯಲ್ಲಿ ಕಲಿಸುವ ವಿಷಯಗಳನ್ನು ಕಲಿಸಬೇಕು, ಕಲಿಸುವುದು ಇಂಗ್ಲಿಷಿನಲ್ಲಿ ಇರಬೇಕು. ಷರತ್ತು ಅಷ್ಟೇ. (ಕನ್ನಡ ಹೆಚ್ಚುವರಿ ವಿಷಯ. ಅದನ್ನು ಹೇಳಿಕೊಡಲು ತಾತನಿಗೆ ಯಾರ ಅಪ್ಪಣೆಯೂ ಬೇಡ.)

ಎಪ್ಪತ್ತೈದು ವರ್ಷ ಸುಮ್ಮನಿದ್ದವರು ಈಗ ಯಾಕೆ ಎದ್ದರು? 2024ರಲ್ಲಿ ಪ್ರೊಪಬ್ಲಿಕಾ ಮತ್ತು ಕ್ಯಾಪಿಟಲ್ ನ್ಯೂಸ್ ಇಲಿನಾಯ್ ಎಂಬ ಎರಡು ಸುದ್ದಿ ಸಂಸ್ಥೆಗಳು ಸೇರಿ ಒಂದು ತನಿಖಾ ವರದಿ ಪ್ರಕಟಿಸಿದವು. ಒಂಬತ್ತು ವರ್ಷದ ಹುಡುಗನೊಬ್ಬ ಶಾಲೆಗೆ ಬರುವುದು ನಿಂತಿತು. ಮನೆಯಲ್ಲಿ ಓದಿಸುತ್ತೇವೆ ಅಂದರು ಮನೆಯವರು. ಅಷ್ಟು ಹೇಳಿದರೆ ಅಲ್ಲಿ ಸಾಕು. ಆಮೇಲೆ ಅವನಿಗೆ ಸಿಕ್ಕಿದ್ದು ಹೊಡೆತ ಮತ್ತು ಉಪವಾಸ. ಅವನು ಏನೂ ಕಲಿಯುತ್ತಿಲ್ಲ ಅನ್ನುವುದು ಯಾರದಾದರೂ ಗಮನಕ್ಕೆ ಬರುವಷ್ಟರಲ್ಲಿ ಎರಡು ವರ್ಷ ಕಳೆದಿತ್ತು. ಈ ಮಸೂದೆ ಹುಟ್ಟಿದ್ದು ಆ ವರದಿಯಿಂದ.

ಇನ್ನು ಪ್ರತಿಭಟನೆಯ ವಿಷಯ. ನಮಗೆ ಪ್ರತಿಭಟನೆ ಅಂದರೆ ಕಣ್ಣ ಮುಂದೆ ಬರುವುದು ಫ್ರೀಡಂ ಪಾರ್ಕ್, ಶಾಮಿಯಾನ, ಬ್ಯಾರಿಕೇಡ್. ವಿಧಾನಸೌಧ ಇರುವುದು ಇನ್ನೆಲ್ಲೋ. ಇಲಿನಾಯ್‌ನ ರಾಜಧಾನಿ ಸ್ಪ್ರಿಂಗ್‌ಫೀಲ್ಡ್‌ನ ಕ್ಯಾಪಿಟಲ್, ಅಂದರೆ ಅಲ್ಲಿನ ವಿಧಾನಸೌಧ, ಹಾಗಲ್ಲ. ಜನ ಒಳಗೇ ಹೋಗುತ್ತಾರೆ. ದೊಡ್ಡ ಗುಮ್ಮಟದ ಕೆಳಗಿನ ಹಜಾರದಲ್ಲಿ ನಿಲ್ಲುತ್ತಾರೆ, ಶಾಸಕರ ಕೊಠಡಿ ಬಾಗಿಲು ತಟ್ಟುತ್ತಾರೆ. ಆ ಗುಮ್ಮಟ ವಾಷಿಂಗ್ಟನ್ನಿನ ಸಂಸತ್ತಿನದಕ್ಕಿಂತ ಎತ್ತರ ಅಂತ ಅಲ್ಲಿಯವರಿಗೆ ಹೆಮ್ಮೆ ಬೇರೆ. ಹೋಮ್‌ಸ್ಕೂಲ್ ಕುಟುಂಬಗಳಿಗೆ ಈ ಕಟ್ಟಡ ಹೊಸದೇನಲ್ಲ. ಚೆರಿ ಪೈ ಡೇ ಅಂತ ಒಂದು ಪದ್ಧತಿ ಇದೆ. ಮಕ್ಕಳ ಕೈಯಲ್ಲಿ ಚೆರಿ ಹಣ್ಣಿನ ಪೈ ಕೊಟ್ಟು ಶಾಸಕರಿಗೆ ಹಂಚಿಸುತ್ತಾರೆ. ಲಾಬಿ ಅಂದರೆ ಸೂಟು ಬೂಟು ಅಂದುಕೊಂಡಿದ್ದೆವು ನಾವು, ಅಲ್ವಾ? ಇಲ್ಲಿ ಅದು ಬೇಕರಿ ಡಬ್ಬಿಯಲ್ಲಿ ಬರುತ್ತದೆ.

ಇನ್ನೊಂದು ವ್ಯವಸ್ಥೆ ನನಗೆ ಬಹಳ ಇಷ್ಟವಾಯಿತು. ಮಸೂದೆ ಸಮಿತಿಯ ಮುಂದೆ ಬಂದಾಗ ಯಾರು ಬೇಕಾದರೂ ಆನ್‌ಲೈನ್‌ನಲ್ಲಿ ಒಂದು ಚೀಟಿ ಸಲ್ಲಿಸಬಹುದು. ವಿಟ್ನೆಸ್ ಸ್ಲಿಪ್ ಅನ್ನುತ್ತಾರೆ. ಪರವೋ ವಿರೋಧವೋ ಒಂದು ಗುರುತು ಹಾಕಿದರೆ ಅದು ದಾಖಲೆಗೆ ಸೇರುತ್ತದೆ. ಸಾಧಾರಣ ಮಸೂದೆಗೆ ಬೆರಳೆಣಿಕೆಯಷ್ಟು ಬರುತ್ತವೆ. ಇದಕ್ಕೆ ವಿರೋಧವಾಗಿಯೇ 40 ಸಾವಿರಕ್ಕೂ ಹೆಚ್ಚು ಬಂದವು. ಪರವಾಗಿ ಬಂದದ್ದು ಅದರ ಒಂದು ಸಣ್ಣ ಪಾಲು. ಮಾರ್ಚ್ 19ರಂದು ಸಮಿತಿಯಲ್ಲಿ ವಿಚಾರಣೆ ನಡೆದಾಗ ಸಾವಿರಾರು ಜನ ಕಟ್ಟಡದಲ್ಲಿ ತುಂಬಿದ್ದರು. ಷಿಕಾಗೋ ಕಡೆಯಿಂದ ಮೂರು ಗಂಟೆಯ ಕಾರು ಪ್ರಯಾಣ, ಕೈಗೂಸುಗಳ ಸಮೇತ. ಅಷ್ಟಾದರೂ ಸಮಿತಿ 8–4 ಮತಗಳಿಂದ ಮಸೂದೆಯನ್ನು ಮುಂದಕ್ಕೆ ಕಳಿಸಿತು. ಆದರೆ ಪೂರ್ತಿ ಸದನದಲ್ಲಿ ಅದನ್ನು ಮತಕ್ಕೆ ಹಾಕಲೇ ಇಲ್ಲ. ಮೇ ಕೊನೆಗೆ ಅಧಿವೇಶನ ಮುಗಿಯಿತು, ಮಸೂದೆ ಅಲ್ಲೇ ನಿಂತಿತು. ಸೋತಿದ್ದು ಅಂತ ಹೇಳಲಾಗದು. ಎತ್ತಿಕೊಳ್ಳುವ ಧೈರ್ಯ ಯಾರಿಗೂ ಬರಲಿಲ್ಲ.

ಇಂಥ ಧೈರ್ಯ ಬರದೇ ಇರುವುದು ಇದೇ ಮೊದಲಲ್ಲ. 1994ರಲ್ಲಿ ವಾಷಿಂಗ್ಟನ್ನಿನಲ್ಲಿ ಶಿಕ್ಷಣದ ಒಂದು ದೊಡ್ಡ ಮಸೂದೆಯೊಳಗೆ, ಶಿಕ್ಷಕರು ತಾವು ಕಲಿಸುವ ವಿಷಯದಲ್ಲಿ ಪ್ರಮಾಣಪತ್ರ ಪಡೆದಿರಬೇಕು ಅನ್ನುವ ಒಂದು ಸಾಲು ಸೇರಿತು. ಇದು ಮನೆಯಲ್ಲಿ ಕಲಿಸುವ ಅಮ್ಮಂದಿರಿಗೂ ಅನ್ವಯವಾಗುತ್ತದೆ ಅಂತ ಸುದ್ದಿ ಹಬ್ಬಿತು. ಆಗಿನ್ನೂ ವಾಟ್ಸ್‌ಆ್ಯಪ್ ಇಲ್ಲ. ಫೋನ್ ಸರಪಳಿಯಲ್ಲೇ ಸುದ್ದಿ ಓಡಿತು. ಸಂಸತ್ತಿನ ಟೆಲಿಫೋನ್‌ಗಳು ಜಾಮ್ ಆದವು. ಕೊನೆಗೆ ಆ ಸಾಲು ತೆಗೆಯಲು 424 ಜನ ಮತ ಹಾಕಿದರು. ಬೇಡ ಅಂದವರು ಒಬ್ಬರು, ಅದನ್ನು ಸೇರಿಸಿದವರೇ. 2018ರಲ್ಲಿ ಕ್ಯಾಲಿಫೋರ್ನಿಯಾದಲ್ಲೂ ಹೀಗೇ. ಪೆರಿಸ್ ಎಂಬ ಊರಿನ ಒಂದು ಮನೆಯಲ್ಲಿ ಹದಿಮೂರು ಮಕ್ಕಳನ್ನು ಕೂಡಿಹಾಕಿ ಹಿಂಸಿಸಿದ್ದು ಬಯಲಾಯಿತು. ಆ ಮನೆ ಕಾಗದದ ಮೇಲೆ ಖಾಸಗಿ ಶಾಲೆಯಾಗಿತ್ತು. ಒಂದು ಮಸೂದೆ ಬಂತು. ರಾಜಧಾನಿ ಸ್ಯಾಕ್ರಮೆಂಟೋದಲ್ಲಿ ವಿಚಾರಣೆಯ ದಿನ ಪೋಷಕರು, ಮಕ್ಕಳು ಸಾಲಾಗಿ ಮೈಕಿನ ಮುಂದೆ ಬಂದು ಹೆಸರು ಹೇಳಿ 'ವಿರೋಧ' ಅಂತ ಹೇಳಿ ಹೋದರು. ಗಂಟೆಗಟ್ಟಲೆ ಅದೇ. ಕೊನೆಗೆ ಮಸೂದೆಯನ್ನು ಮತಕ್ಕೆ ಹಾಕೋಣ ಅಂತ ಸೂಚಿಸಲು ಸಮಿತಿಯಲ್ಲಿ ಒಬ್ಬ ಸದಸ್ಯರೂ ಬಾಯಿ ತೆರೆಯಲಿಲ್ಲ.

ಇಷ್ಟೊಂದು ಜನ ಹೇಗೆ ಸೇರುತ್ತಾರೆ ಅಂದರೆ, ಇವರು ಮೊದಲೇ ಒಟ್ಟಿಗಿದ್ದಾರೆ. ವಿಜ್ಞಾನಕ್ಕೆ ಒಬ್ಬರ ಮನೆ, ಸಂಗೀತಕ್ಕೆ ಇನ್ನೊಬ್ಬರ ಮನೆ, ಹೀಗೆ ವಾರವಾರ ಕೂಡುವ ಗುಂಪುಗಳಿವೆ. ಜೊತೆಗೆ 1983ರಿಂದ ಇವರ ಪರವಾಗಿಯೇ ಕೋರ್ಟಿಗೆ ಹೋಗುವ ಎಚ್‌ಎಸ್‌ಎಲ್‌ಡಿಎ ಎಂಬ ಸಂಸ್ಥೆ ಇದೆ. ಮಸೂದೆಯ ವಾಸನೆ ಬಂದರೆ ಸಾಕು, ಎಲ್ಲರಿಗೂ ಸಂದೇಶ ಹೋಗುತ್ತದೆ. ಇವರೆಲ್ಲ ಬೈಬಲ್ ಹಿಡಿದ ಬಿಳಿಯರು ಅಂತ ನಮ್ಮಲ್ಲಿ ಕೆಲವರು ಅಂದುಕೊಂಡಿದ್ದಾರೆ. ಒಂದು ಕಾಲಕ್ಕೆ ಬಹುಮಟ್ಟಿಗೆ ನಿಜ. ಕೊರೊನಾ ಅದನ್ನು ಬದಲಿಸಿತು. ಅಮೆರಿಕದ ಜನಗಣತಿ ಇಲಾಖೆಯ ಸಮೀಕ್ಷೆ ಪ್ರಕಾರ ಶಾಲಾ ವಯಸ್ಸಿನ ಮಕ್ಕಳಿರುವ ಕಪ್ಪು ಕುಟುಂಬಗಳಲ್ಲಿ ಹೋಮ್‌ಸ್ಕೂಲಿಂಗ್ 2020ರ ಏಪ್ರಿಲ್–ಮೇ ಹೊತ್ತಿಗೆ ಶೇ. 3.3 ಇದ್ದದ್ದು ಆ ವರ್ಷದ ಅಕ್ಟೋಬರ್ ಹೊತ್ತಿಗೆ ಶೇ. 16.1ಕ್ಕೆ ಹೋಯಿತು. ನಿಮ್ಮ ಮಗಳಂಥವರೂ ಈ ಗುಂಪಿಗೆ ಸೇರಿದ್ದಾರೆ.

ಇವರ ಭಯ ಸುಮ್ನೆ ಹುಟ್ಟಿದ್ದಲ್ಲ ಮೇಷ್ಟ್ರೇ. ಅಲ್ಲಿನ ಸರ್ಕಾರಗಳು ಹಿಂದೆ ಮಿತಿ ಮೀರಿವೆ. ನೆಬ್ರಾಸ್ಕ ರಾಜ್ಯದಲ್ಲಿ ಹತ್ತು ವರ್ಷದ ಹುಡುಗನಿಗೆ ಜರ್ಮನ್ ಓದಲು ಕಲಿಸಿದ ತಪ್ಪಿಗೆ ಒಬ್ಬ ಮೇಷ್ಟರಿಗೆ ದಂಡ ಹಾಕಿದ್ದರು. 1923ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆ ಕಾನೂನನ್ನೇ ಹೊಡೆದುಹಾಕಿತು. ಆರೆಗಾನ್ ರಾಜ್ಯ ಎಲ್ಲ ಮಕ್ಕಳೂ ಸರ್ಕಾರಿ ಶಾಲೆಗೇ ಹೋಗಬೇಕು ಅಂತ ಕಾನೂನು ಮಾಡಿತು. 1925ರಲ್ಲಿ ಅದೂ ಬಿತ್ತು. ಮನೆಯಲ್ಲಿ ಓದಿಸಿದ್ದಕ್ಕೆ ಎಂಬತ್ತರ ದಶಕದವರೆಗೂ ಅಲ್ಲಲ್ಲಿ ಕೇಸು ಬೀಳುತ್ತಿತ್ತು. ಈಗ ಬರೀ ಫಾರ್ಮ್, ನಾಳೆ ಪರೀಕ್ಷೆ, ನಾಡಿದ್ದು ಮನೆಗೆ ಇನ್‌ಸ್ಪೆಕ್ಟರ್ ಅನ್ನುವ ಲೆಕ್ಕ ಅವರದು.

ನಾನು ಆ ಲೆಕ್ಕ ಒಪ್ಪುವುದಿಲ್ಲ. ನ್ಯೂಯಾರ್ಕ್ ನೋಡಿ. ಅಲ್ಲಿ ಪ್ರತಿ ಮಗುವಿಗೂ ವರ್ಷದ ಪಾಠ ಯೋಜನೆ ಕೊಡಬೇಕು, ಮೂರು ತಿಂಗಳಿಗೊಂದು ವರದಿ, ವರ್ಷದ ಕೊನೆಗೆ ಮೌಲ್ಯಮಾಪನ. ಸಣ್ಣ ತರಗತಿಗೆ ವರ್ಷಕ್ಕೆ 900 ಗಂಟೆ ಪಾಠ ಆಗಿರಬೇಕು. ನಿಮ್ಮ ಕಾಲದ ಡಿಡಿಪಿಐ ಕೂಡ ಇಷ್ಟು ಕೇಳಿರಲಾರರು. ಆದರೂ ಅಲ್ಲಿ ಹೋಮ್‌ಸ್ಕೂಲಿಂಗ್ ಸತ್ತಿಲ್ಲ. ಚೆನ್ನಾಗಿಯೇ ನಡೆದಿದೆ.

ವಿರೋಧಿಗಳ ಒಂದು ಮಾತಿಗೆ ಮಾತ್ರ ನನ್ನ ಹತ್ತಿರ ಸುಲಭದ ಉತ್ತರ ಇಲ್ಲ. ಹಿಂಸೆ ಕೊಡುವವರು ಫಾರ್ಮ್ ತುಂಬಿ ಕೊಟ್ಟು ಹಿಂಸೆ ಕೊಡುತ್ತಾರೆ ಅನ್ನುವುದು. 2025ರ ಫೆಬ್ರವರಿಯಲ್ಲಿ ಕನೆಕ್ಟಿಕಟ್ ರಾಜ್ಯದ ವಾಟರ್‌ಬರಿಯಲ್ಲಿ 32 ವರ್ಷದ ಒಬ್ಬಾತ ಮನೆಗೆ ತಾನೇ ಬೆಂಕಿ ಹಚ್ಚಿ ಹೊರಗೆ ಬಂದ. ಚಿಕ್ಕಂದಿನಲ್ಲಿ ಶಾಲೆ ಬಿಡಿಸಿದಾಗಿನಿಂದ ಕೋಣೆಯೊಳಗೇ ಇದ್ದ ಅಂತ ಹೇಳಿದ. ಅವನ ಬಗ್ಗೆ ಶಾಲೆಯವರು ಹಿಂದೆಯೇ ದೂರು ಕೊಟ್ಟಿದ್ದರು. ಪೊಲೀಸರು ಮನೆಗೆ ಹೋಗಿಯೂ ಬಂದಿದ್ದರು. ಅಲ್ಲಿ ಕೊರತೆ ಇದ್ದದ್ದು ಕಾಗದದ್ದಲ್ಲ. ಇದಾದ ಮೇಲೆ ಆ ರಾಜ್ಯದ ರಾಜಧಾನಿ ಹಾರ್ಟ್‌ಫರ್ಡ್‌ನ ಕ್ಯಾಪಿಟಲ್ಲಿನಲ್ಲೂ ಚರ್ಚೆ ಎದ್ದಿತು. ಅಲ್ಲೂ ಕುಟುಂಬಗಳು ಬಂದು ತುಂಬಿಕೊಂಡವು.

ಹಾಗಾದರೆ ನನಗೆ ಬೇಕಾದ್ದು ಏನು? ಎರಡೇ. ಶಾಲೆ ಬಿಡಿಸುವಾಗ ಒಂದು ಪುಟದ ತಿಳುವಳಿಕೆ ಪತ್ರ. ಮತ್ತೆ, ಒಂದು ಮನೆಯ ಮೇಲೆ ಮಕ್ಕಳ ರಕ್ಷಣೆ ಇಲಾಖೆಯ ತನಿಖೆ ನಡೆಯುತ್ತಿರುವಾಗ ಅಲ್ಲಿಂದ ಮಗುವನ್ನು ಬಿಡಿಸಿದರೆ, ಯಾರಾದರೂ ಒಬ್ಬರು ಹೋಗಿ ಆ ಮಗುವನ್ನು ಕಣ್ಣಾರೆ ನೋಡಬೇಕು. ಜೈಲು ಬೇಡ. ಖಾಸಗಿ ಶಾಲೆಗಳ ವಿಷಯ ಬೇರೆ ಮಸೂದೆಗೆ ಬಿಡಲಿ. ಇಲಿನಾಯ್‌ನವರು ಎಲ್ಲವನ್ನೂ ಒಂದೇ ಮೂಟೆಗೆ ತುಂಬಿ ಎತ್ತಲಾಗದೆ ಬಿಟ್ಟರು. ಇದು ಪಕ್ಷಪಾತ ಅಂತ ನಿಮ್ಮ ಮಗಳಿಗೆ ಅನ್ನಿಸಬಹುದು. ಅವರಿಗೆ ಒಂದು ವಿಷಯ ಹೇಳಿ. ಸ್ವತಃ ಮನೆಯಲ್ಲಿ ಓದಿ ಬೆಳೆದವರೇ 2013ರಲ್ಲಿ ಕೊಲಿಶನ್ ಫಾರ್ ರೆಸ್ಪಾನ್ಸಿಬಲ್ ಹೋಮ್ ಎಜುಕೇಶನ್ ಅಂತ ಒಂದು ಸಂಸ್ಥೆ ಕಟ್ಟಿದ್ದಾರೆ. ಸರ್ಕಾರ ಸ್ವಲ್ಪ ನೋಡಲಿ ಅಂತ ಕೇಳುತ್ತಿರುವವರು ಅವರು. ಗುಮ್ಮಟದ ಕೆಳಗೆ ಪೈ ಹಿಡಿದು ನಿಂತ ಮಕ್ಕಳು ಚೆನ್ನಾಗಿದ್ದಾರೆ, ನಿಜ. ಚೆನ್ನಾಗಿಲ್ಲದ ಮಗುವನ್ನು ಯಾರೂ ಸ್ಪ್ರಿಂಗ್‌ಫೀಲ್ಡ್‌ಗೆ ಕರೆತರುವುದಿಲ್ಲ.

ನಿಮ್ಮ ಚಿಣ್ಣರ ಅಂಗಳದ ಹೋಲಿಕೆಗೆ ಬರುತ್ತೇನೆ. ಅಲ್ಲಿ ನನಗೆ ನಿಮ್ಮ ಜೊತೆ ಜಗಳ ಇದೆ. ನೀವು ಹುಡುಕಿಕೊಂಡು ಹೋದದ್ದು ಕುರಿ ಕಾಯುವ, ಇಟ್ಟಿಗೆ ಹೊರುವ, ತಮ್ಮ ತಂಗಿಯರನ್ನು ನೋಡಿಕೊಳ್ಳುವ ಮಕ್ಕಳನ್ನು. ಅವರಿಗೆ ಓದಿಸುವವರೇ ಇರಲಿಲ್ಲ. ನಿಮ್ಮ ಮೊಮ್ಮಕ್ಕಳಿಗೆ ಓದಿಸುವವರು ಜಾಸ್ತಿಯೇ ಇದ್ದಾರೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ನಮ್ಮ ಶಿಕ್ಷಣ ಹಕ್ಕು ಕಾಯ್ದೆಯ 10ನೇ ಸೆಕ್ಷನ್ ಮಗುವನ್ನು ಹತ್ತಿರದ ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ ಅನ್ನುತ್ತದೆ. ಆದರೆ ಸೇರಿಸದ ಪೋಷಕರಿಗೆ ಆ ಕಾಯ್ದೆಯಲ್ಲಿ ಶಿಕ್ಷೆ ಇಲ್ಲ. ಬೆಂಗಳೂರಿನಲ್ಲೂ ಮನೆಯಲ್ಲಿ ಓದಿಸಿ, ಹದಿನಾಲ್ಕು ತುಂಬಿದ ಮೇಲೆ ಎನ್‌ಐಒಎಸ್ ಎಂಬ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಲ್ಲಿ ಹತ್ತನೇ ತರಗತಿ ಪರೀಕ್ಷೆ ಕಟ್ಟಿಸುವ ಕುಟುಂಬಗಳಿವೆ. ನಮ್ಮಲ್ಲೂ ಅವರನ್ನು ಯಾರೂ ಎಣಿಸಿಲ್ಲ.

ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ಸುಲಭ. ಗತಿ ಕೆಡುವುದಿಲ್ಲ. ಇಲಿನಾಯ್‌ನಲ್ಲಿ ಮಕ್ಕಳು ಯಾವಾಗ ಬೇಕಾದರೂ ಸರ್ಕಾರಿ ಶಾಲೆಗೆ ವಾಪಸ್ ಸೇರಬಹುದು. ಯಾವ ತರಗತಿಗೆ ಹಾಕಬೇಕು ಅಂತ ಶಾಲೆಯವರು ಒಂದು ಪರೀಕ್ಷೆ ಮಾಡಿ ನೋಡಬಹುದು, ಅಷ್ಟೇ. ಜಾಗ ಇದ್ದರೆ ಒಂದೆರಡು ವಿಷಯಕ್ಕೆ ಮಾತ್ರ ಶಾಲೆಗೆ ಹೋಗುವುದಕ್ಕೂ ಕಾನೂನಿನಲ್ಲಿ ಅವಕಾಶ ಇದೆ. ಹೈಸ್ಕೂಲಿನ ಕೆಮಿಸ್ಟ್ರಿ ಲ್ಯಾಬ್ ಮನೆಯಲ್ಲಿ ಮಾಡಲಾಗದು ಅನ್ನಿಸಿದರೆ ಮಗಳು ಇದನ್ನು ವಿಚಾರಿಸಲಿ. ಮುಂದಿನ ವರ್ಷಕ್ಕೆ ಬೇಕಾದರೆ ಮೇ 1ರೊಳಗೆ ಕೇಳಬೇಕು. ಕಾಲೇಜುಗಳೂ ಇಂಥ ಮಕ್ಕಳನ್ನು ತೆಗೆದುಕೊಳ್ಳುತ್ತವೆ. ಅಪ್ಪ ಅಮ್ಮ ಬರೆದ ಅಂಕಪಟ್ಟಿ, ಜೊತೆಗೆ ಹಲವು ಕಡೆ ಎಸ್‌ಎಟಿ ಅಥವಾ ಎಸಿಟಿ ಎಂಬ ಪ್ರವೇಶ ಪರೀಕ್ಷೆಯ ಅಂಕ ನೋಡುತ್ತವೆ. ಹಾಗಾಗಿ ಒಂಬತ್ತನೇ ತರಗತಿಯಿಂದ ಯಾವ ವಿಷಯ, ಯಾವ ಪುಸ್ತಕ, ಎಷ್ಟು ಪಾಠ ಆಯಿತು ಅಂತ ಅವರು ಬರೆದಿಟ್ಟುಕೊಳ್ಳಲಿ. ಆ ಪುಸ್ತಕ ಹೇಗೆ ಇಡಬೇಕು ಅಂತ ನೀವೇ ಹೇಳಿಕೊಡಬಹುದು. ನಿಮಗಿಂತ ಚೆನ್ನಾಗಿ ಗೊತ್ತಿರುವವರು ಆ ಮನೆಯಲ್ಲಿ ಇನ್ಯಾರಿದ್ದಾರೆ?

— ಸಂಪಾದಕ