ಮೊಮ್ಮಗನ ಸ್ಕೂಲು ಆರು ಗಂಟೆಯೋ, ಎರಡೂವರೆ ಗಂಟೆಯೋ?

ಪ್ರಶ್ನೆ: ಮೇಡಂ, ನಮಸ್ಕಾರ. ನನ್ನ ಮಗಳು, ಅಳಿಯ ಅಮೆರಿಕದ ನ್ಯೂಜೆರ್ಸಿ ರಾಜ್ಯದ ಜೆರ್ಸಿ ಸಿಟಿಯಲ್ಲಿ ಬಾಡಿಗೆ ಮನೆಯಲ್ಲಿದ್ದಾರೆ. ಇಬ್ಬರೂ ಕೆಲಸಕ್ಕೆ ಹೋಗ್ತಾರೆ. ಮೂರೂವರೆ ವರ್ಷದ ಮೊಮ್ಮಗ ಸರ್ಕಾರಿ ಪ್ರಿ-ಕೆಗೆ, ಅಂದ್ರೆ ಕಿಂಡರ್‌ಗಾರ್ಟನ್‌ಗಿಂತ ಮುಂಚಿನ ಕ್ಲಾಸಿಗೆ ಹೋಗ್ತಾನೆ. ಇಡೀ ದಿನ ಇರ್ತಾನೆ, ಫೀಸಿಲ್ಲ. ಈಗ ಬೇರೆ ಊರಲ್ಲಿ ಮನೆ ಕೊಳ್ಳೋ ಯೋಚನೆ. ಅಲ್ಲಿ ಎರಡೂವರೆ ಗಂಟೆ ಮಾತ್ರ ಸ್ಕೂಲಂತೆ, ಅದಕ್ಕೂ ಫೀಸಂತೆ. “ಅಮ್ಮ, ನೀನೇ ಆರು ತಿಂಗಳು ಬಂದಿರು” ಅಂತಾಳೆ. ನನಗೆ ಮಂಡಿ ನೋವು, ನಮ್ಮ ಯಜಮಾನರಿಗೆ ಶುಗರ್. ಒಂದೇ ರಾಜ್ಯದಲ್ಲಿ ಊರಿಗೊಂದು ರೀತಿ ಯಾಕೆ? ನಾನು ಹೋಗಲೇಬೇಕಾ?
– ಓದುಗರು, ಮೈಸೂರು

ಉತ್ತರ: ಅಮ್ಮ, ನಮಸ್ಕಾರ. ನ್ಯೂಜೆರ್ಸಿಯ ಇಂಥದೇ ಪ್ರಿ-ಕೆ ಕ್ಲಾಸಿನಲ್ಲಿ ನಾನು ಟೀಚರಿಗೆ ಸಹಾಯಕಿಯಾಗಿ ಕೆಲಸ ಮಾಡಿದ್ದೇನೆ. ನಿಮ್ಮ ಮಗಳ ಪರದಾಟ ನನಗೆ ಚೆನ್ನಾಗಿ ಗೊತ್ತು.

ಅಲ್ಲಿ ಸ್ಕೂಲಿನ ಖರ್ಚಿನ ದೊಡ್ಡ ಪಾಲು ಆ ಊರಿನ ಮನೆ ಕಂದಾಯದಿಂದಲೇ ಬರುತ್ತದೆ. ಮನೆಗಳಿಗೆ ಬೆಲೆ ಜಾಸ್ತಿ ಇರುವ ಊರಿಗೆ ಒಳ್ಳೆ ಸ್ಕೂಲು, ಬಡ ಊರಿಗೆ ಸೋರುವ ಸೂರು. ಇದು ಅನ್ಯಾಯ ಅಂತ 1981ರಲ್ಲಿ ಕೆಲವು ಬಡ ಊರುಗಳ ಮಕ್ಕಳ ಹೆಸರಿನಲ್ಲಿ ಕೇಸು ಹಾಕಿದರು. ಅವರಲ್ಲಿ ಜೆರ್ಸಿ ಸಿಟಿಯ ಮಕ್ಕಳೂ ಇದ್ದರು. ಕ್ಯಾಮ್ಡೆನ್‌ನ ರೇಮಂಡ್ ಅಬಟ್ ಎಂಬ ಹುಡುಗನ ಹೆಸರು ಮೊದಲು ಬಂದಿದ್ದರಿಂದ ಅದು ಅಬಟ್ ಕೇಸು ಅಂತಲೇ ಹೆಸರಾಯಿತು. 1998ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಈ ಊರುಗಳ ಮೂರು, ನಾಲ್ಕು ವರ್ಷದ ಮಕ್ಕಳಿಗೂ ಒಳ್ಳೆ ಸ್ಕೂಲು ಕೊಡಿ ಅಂತ ಆದೇಶ ಮಾಡಿತು. ಮುಂದಿನ ವರ್ಷಗಳಲ್ಲಿ ನಿಯಮಗಳೂ ಗಟ್ಟಿಯಾದವು: ಕ್ಲಾಸಿಗೆ 15 ಮಕ್ಕಳಿಗಿಂತ ಜಾಸ್ತಿ ಇಲ್ಲ, ತರಬೇತಿ ಪಡೆದ ಟೀಚರ್, ಜೊತೆಗೊಬ್ಬ ಸಹಾಯಕಿ, ದಿನಕ್ಕೆ ಆರು ಗಂಟೆ. ಹಣ ರಾಜ್ಯದ್ದು. ಇಂಥ ಊರುಗಳು ಕೊನೆಗೆ 31 ಆದವು. ನಿಮ್ಮ ಮೊಮ್ಮಗ ಕೂತಿರುವುದು ಆ ಕೇಸು ಗಳಿಸಿಕೊಟ್ಟ ಜಾಗದಲ್ಲಿ.

ಉಳಿದ ಊರುಗಳಿಗೂ ಕೊಡುತ್ತೇವೆ ಅಂತ 2008ರಲ್ಲಿ ಕಾನೂನು ಮಾಡಿದರು. ಹಣ ಮಾತ್ರ ವರ್ಷಗಟ್ಟಲೆ ಬರಲಿಲ್ಲ. 2017ರ ನಂತರ ಒಂದೊಂದೇ ಊರಿಗೆ ಸಿಗುತ್ತಾ ಬಂದಿದೆ. ಹಾಗಾಗಿ ಊರಿನ ಗಡಿ ದಾಟಿದರೆ ಮಗುವಿನ ದಿನವೇ ಬದಲಾಗಿಬಿಡುತ್ತದೆ.

ಬಡವರಿಂದ ಶುರು ಮಾಡಿದ್ದು ನೂರಕ್ಕೆ ನೂರು ಸರಿ. ಆದರೆ ಅಲ್ಲಿಗೇ ನಿಲ್ಲಬಾರದು. ಊರು ಶ್ರೀಮಂತ ಅಂದರೆ ಅಲ್ಲಿರುವವರೆಲ್ಲಾ ಶ್ರೀಮಂತರಾ? ಅದೇ ಊರಿನ ಅಂಗಡಿಯಲ್ಲಿ ಬಿಲ್ ಹಾಕುವ ಹೆಣ್ಣುಮಗಳಿಗೂ ಮಗುವಿರುತ್ತೆ. ಖಾಸಗಿ ಡೇ ಕೇರ್‌ಗೆ ತಿಂಗಳಿಗೆ ಸಾವಿರ ಡಾಲರ್ ದಾಟುತ್ತದೆ. ಒಕ್ಲಹೋಮ ರಾಜ್ಯ 1998ರಲ್ಲೇ ಬಡವ, ಶ್ರೀಮಂತ ಅಂತ ನೋಡದೆ ನಾಲ್ಕು ವರ್ಷದ ಎಲ್ಲ ಮಕ್ಕಳಿಗೂ ಪ್ರಿ-ಕೆ ಬಾಗಿಲು ತೆರೆಯಿತು. ನಮ್ಮ ಅಂಗನವಾಡಿಯೂ ಹಾಗೇ ಅಲ್ವಾ? ಕರ್ನಾಟಕದಲ್ಲಿ ಅದು 1975ರಲ್ಲಿ ನಿಮ್ಮ ಜಿಲ್ಲೆಯ ಟಿ. ನರಸೀಪುರದಲ್ಲಿ ಶುರುವಾಗಿ ಈಗ ಊರೂರಿಗೂ ಬಂದಿದೆ.

ಎರಡೂವರೆ ಗಂಟೆ ಅಂದರೆ ಎಷ್ಟು ಅಂತ ಹೇಳ್ತೀನಿ ಕೇಳಿ. ಜನವರಿಯಲ್ಲಿ ಮಕ್ಕಳು ದಪ್ಪ ಜಾಕೆಟ್, ಟೋಪಿ, ಗ್ಲೌಸು, ಹಿಮದ ಬೂಟು ಹಾಕಿಕೊಂಡು ಬರ್ತಾರೆ. ಹದಿನೈದು ಮಕ್ಕಳದ್ದೂ ಬಿಚ್ಚಿಸಿ, ಅವರವರ ಗೂಡಿನಲ್ಲಿಟ್ಟು, ಕೈ ತೊಳೆಸಿ ಕೂರಿಸುವಷ್ಟರಲ್ಲಿ ಅರ್ಧ ಗಂಟೆ ಹೋಗಿರುತ್ತೆ. ತಿಂಡಿ ಮುಗಿದು ಒಂದು ಕತೆ ಹೇಳಿದರೆ ಮತ್ತೆ ಜಾಕೆಟ್ ಜಿಪ್ ಎಳೆಯೋ ಹೊತ್ತು. ಇಡೀ ದಿನದ ಕ್ಲಾಸಿನಲ್ಲಿ ಊಟ ಇರುತ್ತೆ. ಆಮೇಲೆ ಪುಟ್ಟ ಮಂಚಗಳಲ್ಲಿ ನಿದ್ದೆ, ಎದ್ದ ಮೇಲೆ ಆಟ. ಬೆಳಿಗ್ಗೆಯೆಲ್ಲಾ ತುಟಿ ಬಿಚ್ಚದ ಎಷ್ಟೋ ಮಕ್ಕಳು ನಿದ್ದೆ ಮಾಡಿ ಎದ್ದ ಮೇಲೆ ಮಾತಾಡ್ತಿದ್ದರು. ಇಂಗ್ಲಿಷ್ ಬಾರದ ಮಕ್ಕಳಿಗಂತೂ ಆ ಮಧ್ಯಾಹ್ನಗಳು ಬೇಕೇ ಬೇಕು.

ಈಗ ನಿಮ್ಮ ಮಗಳಿಗೆ ನನ್ನ ಮಾತು ತಲುಪಿಸಿ. ಸಾಧ್ಯವಾದರೆ ಮನೆ ಕೊಳ್ಳುವುದನ್ನು ಮುಂದಿನ ವರ್ಷದ ಪ್ರಿ-ಕೆ ಮುಗಿಯುವವರೆಗೆ ತಡೆಯಲಿ. ಮಗು ಕಿಂಡರ್‌ಗಾರ್ಟನ್‌ಗೆ ಬಂದ ಮೇಲೆ ಇಷ್ಟು ಕಷ್ಟ ಇರುವುದಿಲ್ಲ. ತಡೆಯಲಾಗದಿದ್ದರೆ ಮನೆ ನೋಡುವ ಮೊದಲೇ ಆ ಊರಿನ ಸರ್ಕಾರಿ ಸ್ಕೂಲುಗಳನ್ನು ನಡೆಸುವ ಸ್ಕೂಲ್ ಡಿಸ್ಟ್ರಿಕ್ಟ್ ಆಫೀಸಿಗೆ ಫೋನ್ ಮಾಡಲಿ. ಪ್ರಿ-ಕೆಗೆ ರಾಜ್ಯದ ಹಣ ಬರುತ್ತಾ, ಇಡೀ ದಿನವಾ, ಸೀಟಿಗೆ ಲಾಟರಿ ಇದೆಯಾ, ವಯಸ್ಸು ಯಾವ ತಾರೀಕಿಗೆ ಲೆಕ್ಕ ಹಾಕುತ್ತಾರೆ ಅಂತ ಕೇಳಲಿ. ಮನೆ ಬ್ರೋಕರ್ ಹೇಳಿದ್ದನ್ನು ನಂಬಿ ಸುಮ್ನೆ ಕೂರಬಾರದು. ಇಡೀ ದಿನ ಅಂದರೂ ಆರೇ ಗಂಟೆ ಅನ್ನುವುದೂ ನೆನಪಿರಲಿ. ಆಮೇಲಿನ ಹೊತ್ತಿಗೆ ಆಫ್ಟರ್ ಕೇರ್ ಬೇಕು. ಅದಕ್ಕೆ ದುಡ್ಡು ಕೊಡಬೇಕಾಗುತ್ತದೆ.

ನೀವು ಹೋಗಲೇಬೇಕಾ ಅಂದಿರಿ. ಸ್ಕೂಲಿಲ್ಲದ ಕೊರತೆ ತುಂಬಲಿಕ್ಕೆ ಆರು ತಿಂಗಳು ಹೋಗಬೇಡಿ. ಓಡುವ ಮಗುವಿನ ಹಿಂದೆ ನಿಮ್ಮ ಮಂಡಿ ನಡೆಯುವುದಿಲ್ಲ, ಇತ್ತ ಯಜಮಾನರ ಊಟ, ಮಾತ್ರೆ ನೋಡುವವರಿಲ್ಲ. ಮೊಮ್ಮಗನ ಜೊತೆ ಇರಬೇಕು ಅನ್ನಿಸಿದರೆ ಇಬ್ಬರೂ ಜೂನ್ ಕೊನೆಗೆ ಹೋಗಿ. ಸ್ಕೂಲಿಗೆ ಬೇಸಿಗೆ ರಜೆ, ಹೊರಗೆ ಓಡಾಡಲು ಬೆಚ್ಚಗಿರುತ್ತೆ, ಮಗಳಿಗೆ ಆಸರೆ ನಿಜವಾಗಿ ಬೇಕಾಗುವುದೂ ಆಗಲೇ. ಸೆಪ್ಟೆಂಬರ್‌ನಲ್ಲಿ ಸ್ಕೂಲು ಶುರುವಾದ ಮೇಲೆ ವಾಪಸ್ ಬನ್ನಿ. ಟಿಕೆಟ್ ಮಾಡಿಸುವ ಮೊದಲು ಇಬ್ಬರೂ ಡಾಕ್ಟರಿಗೆ ತೋರಿಸಿಕೊಳ್ಳಿ. ಇನ್ಶೂರೆನ್ಸ್ ಮಾಡಿಸಿದ್ದೀರಾ ಅಂತ ಅಳಿಯನನ್ನೂ ಒಂದು ಮಾತು ಕೇಳಿ.