ವಾಚು ಹುಡುಕುವ ಮುಂಚೆ ರಿಪೇರಿಯವರನ್ನು ಹುಡುಕಿ

ನೀವು ಕೇಳಿರುವುದು ಇಷ್ಟು: ಮೊದಲ ಕೆಲಸ ಸಿಕ್ಕಿದೆ, ಹತ್ತು ಸಾವಿರದೊಳಗೆ ಕೀ ಕೊಡುವ ಇಲ್ಲವೇ ತಾನೇ ಕೀ ತುಂಬಿಕೊಳ್ಳುವ ಆಟೋಮ್ಯಾಟಿಕ್ ವಾಚ್ ಬೇಕು, ಆನ್‌ಲೈನ್‌ನಲ್ಲಿ ಹಳೆಯ ಎಚ್‌ಎಂಟಿ ಎರಡು ಸಾವಿರಕ್ಕೆ ಕಾಣಿಸುತ್ತಿದೆ, ಕೊಳ್ಳಬಹುದಾ, ದಿನಾ ಆಫೀಸಿಗೆ ಕಟ್ಟಿಕೊಂಡು ಹೋಗಬಹುದಾ?

ಕೊಳ್ಳಬಹುದು, ದಿನಾ ಕಟ್ಟಲೂಬಹುದು. ಆದರೆ ದುಡ್ಡು ಕಳಿಸುವ ಮುಂಚೆ ಒಂದು ಕೆಲಸ ಮಾಡಿ. ವಾಚಿನ ಮೆಷಿನ್ ಪೂರ್ತಿ ಬಿಚ್ಚಿ, ತೊಳೆದು, ಎಣ್ಣೆ ಇಟ್ಟು ಮತ್ತೆ ಜೋಡಿಸಬಲ್ಲವರು ನಿಮ್ಮ ಊರಿನಲ್ಲಿ ಯಾರಿದ್ದಾರೆ ಎಂದು ವಿಚಾರಿಸಿ. ಸೆಲ್ ಹಾಕುವವರು, ಬೆಲ್ಟ್ ಬದಲಿಸುವವರು ಪ್ರತಿ ಬೀದಿಯಲ್ಲೂ ಸಿಗುತ್ತಾರೆ. ನಾನು ಹೇಳುತ್ತಿರುವುದು ಅವರ ಬಗ್ಗೆ ಅಲ್ಲ. ಹದಿನಾರು ವರ್ಷದಿಂದ ವಾಚುಗಳನ್ನು ಕೊಳ್ಳುತ್ತಾ, ಕಟ್ಟುತ್ತಾ, ಕೆಲವನ್ನು ಮಾರುತ್ತಾ ಬಂದಿದ್ದೇನೆ. ಇಷ್ಟರಲ್ಲಿ ನನಗೆ ಗಟ್ಟಿಯಾಗಿ ಗೊತ್ತಾಗಿರುವುದು ಇದೊಂದೇ. ಯಾಕೆ ಅಂತ ಹೇಳುತ್ತೇನೆ.

ನಮ್ಮ ತಂದೆ ಸಾರಿಗೆ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದರು, ತಿಪಟೂರಿನಿಂದ ಹೊರಡುವ ಹಳ್ಳಿ ರೂಟುಗಳು. ಅವರ ಹತ್ತಿರ ಇದ್ದದ್ದು 1983ರಲ್ಲಿ ಕೊಂಡ ಎಚ್‌ಎಂಟಿ ಜನತಾ. ಬಿಳಿ ಡಯಲ್, ತಾರೀಖು ಇಲ್ಲ, ಹದಿನೇಳು ಜ್ಯೂಯೆಲ್ (ಅಚ್ಚುಗಳು ಸವೆಯದಂತೆ ಒಳಗೆ ಕೂರಿಸಿದ ಹರಳುಗಳು), ದಿನಾ ಕೀ ಕೊಡಬೇಕು. ಎಚ್‌ಎಂಟಿಯವರು ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ವಾಚು ಮಾಡಲು ಶುರುಮಾಡಿದ್ದು 1961ರಲ್ಲಿ. ತುಮಕೂರಿನ ಕಾರ್ಖಾನೆ 1978ರಲ್ಲಿ ಬಂತು. ನಮ್ಮ ಜಿಲ್ಲೆಯಲ್ಲೇ ವಾಚು ಆಗುತ್ತದೆ ಅನ್ನುವುದು ಆಗ ನಮ್ಮ ಕಡೆಯವರಿಗೆ ದೊಡ್ಡ ಹೆಮ್ಮೆಯಾಗಿತ್ತು. ತಂದೆ ಅದನ್ನು ಡಯಲ್ ಮಣಿಕಟ್ಟಿನ ಒಳಮಗ್ಗುಲಿಗೆ ಬರುವ ಹಾಗೆ ಕಟ್ಟುತ್ತಿದ್ದರು. ಟಿಕೆಟ್ ಹರಿಯುವಾಗ ಕೈ ತಿರುಗಿಸದೆ ಗಂಟೆ ಕಾಣುತ್ತದೆ, ಬಸ್ಸಿನ ಕಂಬಿಗೆ ಗಾಜು ತಗಲುವುದಿಲ್ಲ. ಬೆಳಿಗ್ಗೆ ರೇಡಿಯೋದಲ್ಲಿ ವಾರ್ತೆ ಶುರುವಾಗುವ ಹೊತ್ತಿಗೆ ಮುಳ್ಳು ಸರಿಮಾಡಿಕೊಂಡು, ಕೀ ಕೊಟ್ಟು, ಆಮೇಲೆ ಕಟ್ಟಿಕೊಳ್ಳುತ್ತಿದ್ದರು. ಪ್ರತಿ ಟ್ರಿಪ್ಪಿನ ಲೆಕ್ಕ ಬರೆಯುವ ವೇ ಬಿಲ್‌ನಲ್ಲಿ ಅವರು ಬರೆದ ಹೊತ್ತೆಲ್ಲ ಆ ವಾಚು ಹೇಳಿದ ಹೊತ್ತು.

ನಿವೃತ್ತಿಯಾದ ಮೇಲೆ ಅದು ಬೀರುವಿನಲ್ಲಿ ಕೂತಿತು. ನನಗೆ ಮೈಸೂರಿನಲ್ಲಿ ಕೆಲಸ ಸಿಕ್ಕಿದಾಗ ತೆಗೆದು ನೋಡಿದರೆ ಕೀ ಪೂರ್ತಿ ತಿರುಗಿದೆ, ಮುಳ್ಳು ಅಲುಗುತ್ತಿಲ್ಲ. ಮೊದಲು ತೋರಿಸಿದ ಅಂಗಡಿಯವರು ಹಿಂದಿನ ಮುಚ್ಚಳವನ್ನೂ ತೆಗೆಯದೆ, ಇದಕ್ಕೆ ಪಾರ್ಟ್ ಬರಲ್ಲ, ಒಳಗೆ ಸೆಲ್ ಮೆಷಿನ್ ಹಾಕಿಕೊಡುತ್ತೇವೆ ಅಂದರು. ಅವತ್ತು ಒಪ್ಪಿಕೊಳ್ಳದೆ ಹೊರಗೆ ಬಂದದ್ದನ್ನು ನೆನೆದರೆ ಈಗಲೂ ಎದೆ ಹಗುರಾಗುತ್ತದೆ. ದೇವರಾಜ ಮಾರುಕಟ್ಟೆಯ ಹತ್ತಿರದ ಒಂದು ಓಣಿಯಲ್ಲಿ, ಮೆಟ್ಟಿಲ ಕೆಳಗೆ ಒಂದು ಗಾಜಿನ ಪೆಟ್ಟಿಗೆ ಇಟ್ಟುಕೊಂಡು ಕೂರುವ ಹಿರಿಯರೊಬ್ಬರು ಇದ್ದಾರೆ ಎಂದು ಆಫೀಸಿನವರು ಯಾರೋ ಹೇಳಿದರು. ಅವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಒಂದು ನಿಮಿಷ ನೋಡಿ, "ಮೆಷಿನ್ ಚೆನ್ನಾಗಿದೆ ಕಣಪ್ಪ, ಎಣ್ಣೆ ಒಣಗಿ ಅಂಟಾಗಿದೆ ಅಷ್ಟೆ. ಯಾರದು, ತಂದೆಯವರದಾ?" ಅಂದರು. ನಾಲ್ಕು ದಿನ ಬಿಟ್ಟು ಹೋದಾಗ ನನ್ನ ಕಿವಿಗೆ ಹಿಡಿದರು. ಗಂಟೆಗೆ 18,000, ಅಂದರೆ ಸೆಕೆಂಡಿಗೆ ಐದು ಬಡಿತ. ಚಿಕ್ಕವನಿದ್ದಾಗ ತಂದೆಯ ತೋಳಿನ ಮೇಲೆ ತಲೆಯಿಟ್ಟು ಮಲಗಿದಾಗ ಕೇಳುತ್ತಿದ್ದ ಸದ್ದೇ ಅದು.

ವಾಚಿನ ಹುಚ್ಚು ಹತ್ತಿದ್ದು ಅಲ್ಲಿಂದ. ಹುಚ್ಚು ಹತ್ತಿದ ಮೇಲೆ ಮೋಸ ಹೋದದ್ದೂ ಉಂಟು. ಅದನ್ನು ವಿವರವಾಗಿ ಹೇಳುತ್ತೇನೆ, ಯಾಕೆಂದರೆ ನೀವು ನೋಡುತ್ತಿರುವ ಎರಡು ಸಾವಿರದ ವಾಚೂ ಇದೇ ಜಾತಿಯದಾಗಿರಬಹುದು.

ಜನತಾ ಸರಿಹೋದ ಮರುವರ್ಷ ಆನ್‌ಲೈನ್‌ನಲ್ಲಿ ಒಂದು ಎಚ್‌ಎಂಟಿ ಪೈಲಟ್ ಕಂಡಿತು. ಕಪ್ಪು ಡಯಲ್, ದಪ್ಪ ಬಿಳಿ ಅಂಕಿ, ಫೋಟೋದಲ್ಲಿ ನಿನ್ನೆ ಕಾರ್ಖಾನೆಯಿಂದ ಹೊರಗೆ ಬಂದ ಹಾಗಿತ್ತು. ಕಟ್ಟಿಕೊಂಡು ಒಂದು ತಿಂಗಳಾದ ಮೇಲೆ ಡಯಲ್ಲಿನ ಅಂಚಿನಲ್ಲಿ ಬಣ್ಣ ಉಬ್ಬಿ ಏಳಲು ಶುರುವಾಯಿತು. ಹಿರಿಯರು ಬಿಚ್ಚಿ ತೋರಿಸಿದರು: ಯಾವುದೋ ಹಳೆಯ ಡಯಲ್ ಕೆರೆದು ಹೊಸದಾಗಿ ಬಣ್ಣ ಬಳಿದಿದ್ದಾರೆ, ಮುಳ್ಳು ಇನ್ನೊಂದು ವಾಚಿನದು, ಮೆಷಿನ್ನಿನಲ್ಲಿ ಒಂದು ಸ್ಕ್ರೂ ಇಲ್ಲವೇ ಇಲ್ಲ. ಮಾರಿದವನು ಫೋನ್ ಎತ್ತಲಿಲ್ಲ. ಹೀಗೆ ಹಳೆಯ ವಾಚುಗಳ ಡಯಲ್ಲಿಗೆ ಬಣ್ಣ ಬಳಿದು ಹೊಸದರಂತೆ ಮಾರುವ ದೊಡ್ಡ ವ್ಯಾಪಾರವೇ ನಮ್ಮ ದೇಶದಲ್ಲಿದೆ. ಕೇಸರಿ, ಗಿಳಿಹಸಿರು, ನೀಲಿ ಹೀಗೆ ಕಂಡ ಕಂಡ ಬಣ್ಣದ ಡಯಲ್ಲಿನ ಹಳೆಯ ಎಚ್‌ಎಂಟಿಗಳು ಸಾಲುಸಾಲಾಗಿ ಕಂಡರೆ ದೂರದಿಂದಲೇ ಕೈ ಮುಗಿಯಿರಿ.

ಆಮೇಲೆ ನಾನು ನೋಡುವುದನ್ನು ಕಲಿತೆ. ಡಯಲ್ ಕನ್ನಡಿಯ ಹಾಗೆ ಹೊಳೆಯುತ್ತಿದ್ದು ಕೇಸ್ ಸವೆದಿದ್ದರೆ ಅನುಮಾನ ಪಡಬೇಕು. ನಲವತ್ತು ವರ್ಷ ಬೆವರು ಕುಡಿದ ಕೇಸಿನೊಳಗೆ ಡಯಲ್ ಕೂಡ ಸ್ವಲ್ಪ ಹಳದಿಗೆ ತಿರುಗಿರಲೇಬೇಕು, ಆ ಹಳದಿ ನನಗಂತೂ ಇಷ್ಟ. ಅಕ್ಷರಗಳನ್ನು ದೊಡ್ಡದು ಮಾಡಿ ನೋಡಿ. ಕಾರ್ಖಾನೆಯ ಅಚ್ಚಿನಲ್ಲಿ ಗೆರೆ ಸಣ್ಣ, ಚೊಕ್ಕ. ಮತ್ತೆ ಬಳಿದದ್ದರಲ್ಲಿ 'ಪ್ಯಾರಾ ಶಾಕ್' (ಪೆಟ್ಟು ತಡೆಯುವ ವ್ಯವಸ್ಥೆಯ ಹೆಸರು) ಅನ್ನುವ ಸಣ್ಣ ಅಕ್ಷರಗಳೇ ಮೊದಲು ಕಲಸಿಹೋಗಿರುತ್ತವೆ. ನಿಮಿಷದ ಮುಳ್ಳಿನ ತುದಿ ನಿಮಿಷದ ಗೆರೆಗಳವರೆಗೆ ಮುಟ್ಟುತ್ತದಾ ನೋಡಿ. ಮುಟ್ಟದಿದ್ದರೆ ಅದು ಬೇರೆ ವಾಚಿನ ಮುಳ್ಳು. ಎಲ್ಲಕ್ಕಿಂತ ಮುಖ್ಯವಾಗಿ, ಹಿಂದಿನ ಮುಚ್ಚಳ ತೆಗೆದು ಮೆಷಿನ್ನಿನ ಫೋಟೋ ಕಳಿಸಿ ಅನ್ನಿ. ಮೆಷಿನ್ ಮೇಲೆ ಎಚ್‌ಎಂಟಿ ಎಂದೂ ಅದರ ನಂಬರೂ ಕೆತ್ತಿರುತ್ತದೆ. ಜನತಾದಲ್ಲಿ ಹೆಚ್ಚಾಗಿ ಇರುವುದು 0231. ಫೋಟೋ ಕಳಿಸಲು ಹಿಂದೆಮುಂದೆ ನೋಡುವವರ ಹತ್ತಿರ ಕೊಳ್ಳಬೇಡಿ. ನನ್ನ ಕೈಯಲ್ಲಿ ಈಗಿರುವ ಅಸಲಿ ಪೈಲಟ್ ಸಿಕ್ಕಿದ್ದು ತುಮಕೂರಿನಲ್ಲಿ, ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರ ಮನೆಯಿಂದ. ಬೆಲೆ ಅವರು ಹೇಳಿದಷ್ಟೇ ಕೊಟ್ಟೆ, ಚೌಕಾಸಿ ಮಾಡಲು ಮನಸ್ಸಾಗಲಿಲ್ಲ. 2016ರ ಜನವರಿಯಲ್ಲಿ ವಾಚ್ ಕಂಪನಿ ಮುಚ್ಚಲು ಕೇಂದ್ರ ಸರ್ಕಾರ ತೀರ್ಮಾನಿಸಿದ ಸುದ್ದಿ ಬಂದ ದಿನ ಅವರ ಮನೆಯಲ್ಲಿ ಒಲೆ ಹಚ್ಚಲು ಕೈ ಬರಲಿಲ್ಲವಂತೆ.

ಹಳೆಯದರ ಗೊಡವೆ ಬೇಡ ಅನ್ನಿಸಿದರೆ ಎಚ್‌ಎಂಟಿ ಹೆಸರಿನಲ್ಲಿ ಹೊಸ ವಾಚುಗಳು ಈಗಲೂ ಮಾರಾಟದಲ್ಲಿವೆ. ಬೆಂಗಳೂರಿನ ಜಾಲಹಳ್ಳಿಯಲ್ಲಿ ಕಂಪನಿಯವರದೇ ಮ್ಯೂಸಿಯಂ ಇದೆ, ಒಮ್ಮೆ ಹೋಗಿ ಬನ್ನಿ. ಕಣ್ಣು ಕಾಣದವರಿಗಾಗಿ ಅವರು ಮಾಡಿದ ಬ್ರೈಲ್ ವಾಚಿನ ಗಾಜು ಬಾಗಿಲಿನ ಹಾಗೆ ತೆರೆಯುತ್ತದೆ, ಬೆರಳಿನಿಂದ ಮುಳ್ಳು ಮುಟ್ಟಿ ಹೊತ್ತು ತಿಳಿಯಬಹುದು. ನಮ್ಮವರು ಮಾಡಿದ ವಾಚುಗಳಲ್ಲಿ ನನಗೆ ಅತಿ ಪ್ರೀತಿಯದು ಅದು.

ಅಳತೆಯ ವಿಷಯದಲ್ಲಿ ನನ್ನ ದುಡ್ಡು ಹೋಗಿದೆ, ನಿಮ್ಮದು ಹೋಗಬಾರದು. ಮೊದಲ ಬೋನಸ್ ಬಂದಾಗ 44 ಮಿಲಿಮೀಟರಿನ ದೊಡ್ಡ ವಾಚೊಂದನ್ನು ಕೊಂಡೆ. ನನ್ನ ಮಣಿಕಟ್ಟಿನ ಸುತ್ತಳತೆ ಹದಿನಾರು ಸೆಂಟಿಮೀಟರ್. ಬೆಲ್ಟ್ ಸಿಕ್ಕಿಸುವ ಕಿವಿಗಳು ಎರಡೂ ಕಡೆ ಕೈಯಿಂದ ಆಚೆ ಚಾಚಿದ್ದವು, ಅಂಗಿಯ ತೋಳು ಅದರ ಮೇಲೆ ಇಳಿಯುತ್ತಲೇ ಇರಲಿಲ್ಲ. ಮೂರು ತಿಂಗಳು ಕಟ್ಟಿ ಭಾವಮೈದುನನಿಗೆ ಕೊಟ್ಟುಬಿಟ್ಟೆ, ಅವನ ಕೈಗೆ ಅಳತೆ ಕೊಟ್ಟು ಮಾಡಿಸಿದ ಹಾಗಿದೆ. ಡಯಲ್ ಅಗಲಕ್ಕಿಂತ ಮೇಲಿನ ಕಿವಿಯಿಂದ ಕೆಳಗಿನ ಕಿವಿಯವರೆಗಿನ ಉದ್ದ ಮುಖ್ಯ. ಅದು ನಿಮ್ಮ ಮಣಿಕಟ್ಟಿನ ಅಗಲ ಮೀರಬಾರದು. ಹಳೆಯ ಎಚ್‌ಎಂಟಿಗಳು ಸುಮಾರು 35 ಮಿಲಿಮೀಟರ್. ಮೊದಲ ದಿನ ಚಿಕ್ಕದು ಅನ್ನಿಸುತ್ತದೆ, ವಾರ ಕಳೆದರೆ ಮಿಕ್ಕದ್ದೆಲ್ಲ ದೊಡ್ಡದು ಅನ್ನಿಸುತ್ತದೆ.

ಆಟೋಮ್ಯಾಟಿಕ್ ಬೇಕೇ ಬೇಕು ಅಂದರೆ ಸೀಕೋ 5 ನೋಡಿ. 1963ರಿಂದ ಬಂದಿರುವ ಸಾಲು ಅದು. ನನ್ನದು 37 ಮಿಲಿಮೀಟರಿನದು, ಒಳಗೆ 7ಎಸ್26 ಮೆಷಿನ್. ಅದಕ್ಕೆ ಕೈಯಿಂದ ಕೀ ಕೊಡಲು ಬರುವುದಿಲ್ಲ, ಕೈ ಆಡಿದಂತೆ ಒಳಗಿನ ತೂಕದ ಬಿಲ್ಲೆ ತಿರುಗಿ ಸ್ಪ್ರಿಂಗ್ ಸುತ್ತಿಕೊಳ್ಳುತ್ತದೆ. ಕಂಪನಿಯೇ ದಿನಕ್ಕೆ 40 ಸೆಕೆಂಡ್ ಮುಂದೆ, 20 ಸೆಕೆಂಡ್ ಹಿಂದೆ ಆಗಬಹುದು ಎನ್ನುತ್ತದೆ. ನನ್ನದು ಹದಿನೆಂಟು ಸೆಕೆಂಡ್ ಮುಂದೆ ಹೋಗುತ್ತದೆ, ಭಾನುವಾರ ಬೆಳಿಗ್ಗೆ ಸರಿಮಾಡುತ್ತೇನೆ. ನಿಖರವಾದ ಹೊತ್ತೇ ಮುಖ್ಯವಾದರೆ ಸೆಲ್ ವಾಚ್ ತೆಗೆದುಕೊಳ್ಳಿ. ಅದರೊಳಗಿನ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ, ಸೆಕೆಂಡಿಗೆ ಐದು ಸಲ ಬಡಿಯುವ ಚಕ್ರ ಅದಕ್ಕೆ ಸಾಟಿಯಾಗುವುದಿಲ್ಲ. ಮಳೆಗಾಲದಲ್ಲಿ, ಕುಂದಾಪುರದ ಮಾವನ ಮನೆಗೆ ಹೋಗುವಾಗ ನಾನು ಕಟ್ಟುವುದು ಕ್ಯಾಸಿಯೋ ಎಫ್-91ಡಬ್ಲ್ಯೂ. 21 ಗ್ರಾಂ ತೂಕ, ಮಳೆಯಲ್ಲಿ ನೆಂದರೂ ಚಿಂತೆಯಿಲ್ಲ, ಸೆಲ್ ಏಳು ವರ್ಷ ಬರುತ್ತದೆ. ಇಂಥ ವಾಚನ್ನು ಕೀಳಾಗಿ ಕಾಣುವವರ ಮಾತು ಕೇಳಬೇಡಿ.

ದಿನಾ ಕಟ್ಟುವುದಾದರೆ ಕೆಲವು ಅಭ್ಯಾಸ ಬೇಕು. ಕೀ ಕೊಡುವಾಗ ವಾಚು ಕೈಯಿಂದ ಬಿಚ್ಚಿಕೊಳ್ಳಿ. ಕಟ್ಟಿಕೊಂಡೇ ತಿರುಗಿಸಿದರೆ ಕೀಲಿಯ ಕಡ್ಡಿ ಓರೆಯಾಗಿ ಸವೆಯುತ್ತದೆ. ಇಪ್ಪತ್ತೈದು ಮೂವತ್ತು ಸುತ್ತು ಆದಮೇಲೆ ಬೆರಳಿಗೆ ಬಿಗಿ ಗೊತ್ತಾಗುತ್ತದೆ, ಅಲ್ಲಿಗೆ ನಿಲ್ಲಿಸಿ. ತಾರೀಖು ಇರುವ ವಾಚಾದರೆ ರಾತ್ರಿ ಒಂಬತ್ತರಿಂದ ಬೆಳಗಿನ ಜಾವ ಮೂರರವರೆಗೆ ತಾರೀಖು ಬದಲಿಸಬೇಡಿ, ಆಗ ಹಲ್ಲಿನ ಚಕ್ರಗಳು ಕಚ್ಚಿಕೊಂಡಿರುತ್ತವೆ. ಮುಚ್ಚಳದ ಮೇಲೆ 30 ಮೀಟರ್ ಎಂದು ಬರೆದಿದ್ದರೆ ಮೂವತ್ತು ಮೀಟರ್ ಮುಳುಗಬಹುದು ಅಂತಲ್ಲ, ಕೈ ತೊಳೆಯುವಾಗ ಸಿಡಿದ ಹನಿಗೆ ಅಡ್ಡಿಯಿಲ್ಲ ಅಂತ. ಹಳೆಯ ಎಚ್‌ಎಂಟಿಗೆ ಆ ಭರವಸೆಯನ್ನೂ ಇಟ್ಟುಕೊಳ್ಳಬೇಡಿ, ನೀರಿನ ಹತ್ತಿರ ಹೋಗುವಾಗ ಬಿಚ್ಚಿಡಿ. ಚರ್ಮದ ಬೆಲ್ಟ್ ನಮ್ಮ ಬೇಸಿಗೆಗೆ ಆರು ತಿಂಗಳು ಬಂದರೆ ಹೆಚ್ಚು. ನೈಲಾನ್ ಬೆಲ್ಟ್ ಹಾಕಿಸಿ, ವಾರಕ್ಕೊಮ್ಮೆ ಸೋಪಿನಲ್ಲಿ ತೊಳೆದು ಒಣಗಿಸಿ. ಹಳೆಯ ವಾಚಿನ ಗಾಜು ನಿಜವಾದ ಗಾಜಲ್ಲ, ಪ್ಲಾಸ್ಟಿಕ್. ಗೀರು ಬಿದ್ದರೆ ಟೂತ್‌ಪೇಸ್ಟ್ ಹಚ್ಚಿ ಮೆತ್ತನೆ ಬಟ್ಟೆಯಲ್ಲಿ ಹತ್ತು ನಿಮಿಷ ಉಜ್ಜಿ, ಹೋಗುತ್ತದೆ.

ಒಂದು ಸಲ ನನ್ನ ಜನತಾ ಇದ್ದಕ್ಕಿದ್ದ ಹಾಗೆ ದಿನಕ್ಕೆ ಆರು ನಿಮಿಷ ಮುಂದೆ ಓಡತೊಡಗಿತು. ಮೆಷಿನ್ ಹೋಯಿತು ಅಂತ ರಾತ್ರಿಯೆಲ್ಲ ನಿದ್ದೆಯಿಲ್ಲ. ಹಿರಿಯರು ಮೊದಲು ಕೇಳಿದ್ದು, ರಾತ್ರಿ ಎಲ್ಲಿಡುತ್ತೀಯ ಅಂತ. ನಾನು ಇಡುತ್ತಿದ್ದದ್ದು ಬ್ಲೂಟೂತ್ ಸ್ಪೀಕರಿನ ಮೇಲೆ. ಅಯಸ್ಕಾಂತ ಹತ್ತಿಕೊಂಡು ಕೂದಲಿನಷ್ಟು ಸಣ್ಣ ಸುರುಳಿ ಸ್ಪ್ರಿಂಗಿನ ಸುತ್ತುಗಳು ಒಂದಕ್ಕೊಂದು ಅಂಟಿದ್ದವು. ಅಯಸ್ಕಾಂತ ಇಳಿಸುವ ಒಂದು ಸಣ್ಣ ನೀಲಿ ಡಬ್ಬಿಯ ಮೇಲಿಟ್ಟು ಗುಂಡಿ ಒತ್ತಿದರು, ಹತ್ತು ಸೆಕೆಂಡಿನಲ್ಲಿ ಸರಿಹೋಯಿತು. ದುಡ್ಡು ತೆಗೆದುಕೊಳ್ಳಲಿಲ್ಲ. ಬೇರೆ ಕಡೆ ಹೋಗಿದ್ದರೆ ಮೆಷಿನ್ನೇ ಬದಲಾಗುತ್ತಿತ್ತು. ಇಂಥವರು ನಮ್ಮ ಊರುಗಳಲ್ಲಿ ಕಡಿಮೆಯಾಗುತ್ತಿದ್ದಾರೆ, ಅವರ ಮಕ್ಕಳು ಈ ಕೆಲಸಕ್ಕೆ ಬರುತ್ತಿಲ್ಲ. ನಿಮ್ಮಂಥವರು ಕೀ ಕೊಡುವ ವಾಚು ಹಿಡಿದುಕೊಂಡು ಅವರ ಮುಂದೆ ನಿಂತರೆ ಆ ಗಾಜಿನ ಪೆಟ್ಟಿಗೆ ಇನ್ನಷ್ಟು ದಿನ ತೆರೆದಿರುತ್ತದೆ.

ಈಗ ನಿಮ್ಮ ಹತ್ತು ಸಾವಿರದ ಲೆಕ್ಕ. ನಾನಾಗಿದ್ದರೆ ಮೂರು ಸಾವಿರದೊಳಗೆ ಮೆಷಿನ್ ಫೋಟೋ ನೋಡಿ ಒಂದು ಹಳೆಯ ಜನತಾ ಕೊಳ್ಳುತ್ತೇನೆ. ಮಾರುವವರು ಸರ್ವಿಸ್ ಆಗಿದೆ ಅಂದರೂ ನಂಬದೆ ಸಾವಿರ ರೂಪಾಯಿ ಪೂರ್ತಿ ಸರ್ವಿಸ್‌ಗೆ ಎತ್ತಿಡುತ್ತೇನೆ. ಎಣ್ಣೆ ಒಣಗಿದ ಮೆಷಿನ್ ಓಡಿದಷ್ಟೂ ಚಕ್ರದ ಅಚ್ಚು ಸವೆಯುತ್ತದೆ; ಸರ್ವಿಸ್ ಮಾಡಿಸಿದರೆ ಆಮೇಲೆ ನಾಲ್ಕೈದು ವರ್ಷ ನಿಶ್ಚಿಂತೆ. ಎರಡು ನೈಲಾನ್ ಬೆಲ್ಟ್. ಮಿಕ್ಕದ್ದನ್ನು ಮುಟ್ಟುವುದಿಲ್ಲ, ಒಂದು ವರ್ಷ ದಿನಾ ಕಟ್ಟಿದ ಮೇಲೆ ನಿಮಗೆ ಎಂಥ ವಾಚು ಬೇಕು ಅನ್ನುವುದು ನಿಮ್ಮ ಕೈಗೇ ಗೊತ್ತಾಗಿರುತ್ತದೆ.

ವಾಚು ಬಂದ ಮೊದಲ ವಾರ ಪ್ರತಿ ಬೆಳಿಗ್ಗೆ ಒಂದೇ ಹೊತ್ತಿಗೆ ಕೀ ಕೊಡಿ, ಫೋನಿನ ಟೈಮಿಗೆ ಎಷ್ಟು ಸೆಕೆಂಡ್ ವ್ಯತ್ಯಾಸ ಇದೆ ಅಂತ ಬರೆದಿಡಿ. ರಾತ್ರಿ ಡಯಲ್ ಮೇಲೆ ಮಾಡಿ ಇಟ್ಟಿರಾ, ಪಕ್ಕಕ್ಕೆ ನಿಲ್ಲಿಸಿ ಇಟ್ಟಿರಾ ಅನ್ನುವುದನ್ನೂ ಬರೆಯಿರಿ, ಅದರ ಮೇಲೂ ಓಟ ಬದಲಾಗುತ್ತದೆ. ಆ ಏಳು ದಿನದ ಚೀಟಿಯನ್ನು ವಾಚಿನ ಜೊತೆ ರಿಪೇರಿಯವರ ಕೈಗೆ ಕೊಡಿ. ಅವರು ಮೊದಲು ಕೇಳುವುದು ಅದನ್ನೇ.